ಇಪ್ಪತ್ತೈದನೇ ಪುಟದ ಗುರುತುಗಳು

ಕೋವಿಡ್‌ಗೆಂದು ಹಾಕಿದ ಬಾಗಿಲು ಮತ್ತೆ ತೆರೆದು ಒಂದು ವರ್ಷ ಕಳೆದಿತ್ತು. ನಾನಾಗ ಸಾಲಿಗ್ರಾಮದ ಹತ್ತಿರ, ಹೆದ್ದಾರಿ ಬದಿಯ ಒಂದು ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ನಿವೃತ್ತಿಗೆ ಎರಡು ವರ್ಷ ಬಾಕಿ. ಗ್ರಂಥಾಲಯ ಸರ್ಕಾರದ್ದಲ್ಲ. ಮುಂಬೈಯಲ್ಲಿ ಹೋಟೆಲು ನಡೆಸಿ ಗೆದ್ದು ಬಂದ ಊರಿನ ಹಿರಿಯರೊಬ್ಬರು ಕಟ್ಟಿಸಿದ್ದು; ಅವರ ನಂತರ ಒಂದು ಸಣ್ಣ ಟ್ರಸ್ಟ್ ನೋಡಿಕೊಳ್ಳುತ್ತಿತ್ತು. ಹನ್ನೊಂದು ಸಾವಿರ ಪುಸ್ತಕ, ಎರಡು ಕೋಣೆ, ಪತ್ರಿಕೆ ಓದಲು ಒಂದು ಜಗಲಿ. ಸಿಬ್ಬಂದಿ ಎಂದರೆ ನಾನೊಬ್ಬಳೇ. ಒಂದು ದಿನವೂ ಪಾಠ ಮಾಡಿದವಳಲ್ಲ, ಆದರೂ ಊರಿಗೆಲ್ಲ ನಾನು ‘ಟೀಚರ್’. ಗದರಿಸುವ ಹೆಂಗಸಿಗೆ ನಮ್ಮ ಕಡೆ ಬೇರೆ ಹೆಸರು ಸಿಗುವುದಿಲ್ಲ.

ಗದರಿಸುತ್ತಿದ್ದೆ, ಸುಳ್ಳೇಕೆ ಹೇಳಲಿ. ಪುಟದ ಮೂಲೆ ಮಡಚಿದವರಿಗೆ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದವರಿಗೆ, ಪುಸ್ತಕದ ಮೇಲೆ ಚಾ ಲೋಟ ಇಟ್ಟವರಿಗೆ ನನ್ನ ಬಾಯಿಯಿಂದ ಬಿಡುಗಡೆ ಇರಲಿಲ್ಲ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಕಾಗದ ಉಳಿಸುವುದು ಸಣ್ಣ ಕೆಲಸವಲ್ಲ. ಕಬ್ಬಿಣದ ಕಪಾಟೇ ಐದು ವರ್ಷಕ್ಕೆ ತುಕ್ಕು ಹಿಡಿಯುವಲ್ಲಿ ನಾನು ಹನ್ನೊಂದು ಸಾವಿರ ಪುಸ್ತಕವನ್ನು ಹುಳು ಹಿಡಿಯದಂತೆ ಇಟ್ಟಿದ್ದೆ. ಆ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ.

ನನ್ನ ಕೆಲಸದ ಎರಡು ಪದ್ಧತಿಗಳನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಹೊಸ ಪುಸ್ತಕ ಬಂದರೆ ಅದಕ್ಕೊಂದು ದಾಖಲೆ ಸಂಖ್ಯೆ ಕೊಡುತ್ತೇವೆ. ಆ ಸಂಖ್ಯೆಯನ್ನೂ ಗ್ರಂಥಾಲಯದ ಮೊಹರನ್ನೂ ಮೊದಲ ಪುಟದಲ್ಲಿ ಹಾಕಿ, ಒಳಗೆ ಇನ್ನೊಂದು ಪುಟದಲ್ಲೂ ಹಾಕುತ್ತೇವೆ. ಆ ಒಳಗಿನ ಪುಟಕ್ಕೆ ಗುಪ್ತ ಪುಟ ಎನ್ನುತ್ತಾರೆ. ಪುಸ್ತಕ ಕದ್ದವರು ಮೊದಲ ಪುಟ ಹರಿದು ಬಿಸಾಡಿದರೂ ಒಳಗಿನದು ಅವರಿಗೆ ತಿಳಿಯಬಾರದು ಎಂಬ ಲೆಕ್ಕ. ನಮ್ಮಲ್ಲಿ ಅದು ಇಪ್ಪತ್ತೈದನೇ ಪುಟ. ಎರಡನೆಯದು ಬೈಂಡಿಂಗ್. ಕಾದಂಬರಿಗಳ ತೆಳ್ಳಗಿನ ರಕ್ಷಾಪುಟ ನಾಲ್ಕು ಕೈ ದಾಟುವಾಗ ಕಿತ್ತು ಹೋಗುತ್ತದೆ. ಆಗ ಅದನ್ನು ತೆಗೆದು ಹಸಿರು ರೆಕ್ಸಿನ್ ಹೊದಿಸಿ ಹೊಲಿಸುತ್ತೇವೆ. ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ಹೆಸರು ಒಂದು ಮಳೆಗಾಲಕ್ಕೆ ಮಸುಕಾಗುತ್ತದೆ. ಹೀಗಾಗಿ ನಮ್ಮ ಪ್ರೇಮ ಕಾದಂಬರಿಗಳ ಮೂರು ಕಪಾಟು ಹೊರಗಿನಿಂದ ನೋಡಿದರೆ ಒಂದೇ ಸಮವಸ್ತ್ರ ತೊಟ್ಟ ಶಾಲೆಯ ಮಕ್ಕಳಂತೆ ಕಾಣುತ್ತಿತ್ತು. ಯಾವುದು ಯಾವುದೆಂದು ಗುರುತಿಸಲು ನನಗೇ ಸಂಖ್ಯೆ ನೋಡಬೇಕಾಗುತ್ತಿತ್ತು.

ಆ ಕಪಾಟಿನ ಬಗ್ಗೆ ನನಗೆ ಗೌರವ ಇರಲಿಲ್ಲ. ಕನ್ನಡ ಎಂ.ಎ. ಮಾಡಿದವಳು ನಾನು, ಮೂಗು ಮುರಿಯುವುದನ್ನು ಕಾಲೇಜಿನಲ್ಲೇ ಕಲಿತಿದ್ದೆ. ಹತ್ತು ಓದಿದರೆ ಸಾಕು, ಹನ್ನೊಂದನೆಯದನ್ನು ಕಣ್ಣು ಮುಚ್ಚಿ ಬರೆಯಬಹುದು ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ನಾಯಕ ಆರಡಿ, ಮನೆ ದೊಡ್ಡದು, ಕೋಪ ಮೂಗಿನ ತುದಿಯಲ್ಲಿ. ನಾಯಕಿಗೆ ಅಪ್ಪ ಇಲ್ಲ, ಇಬ್ಬರು ತಂಗಿಯರು, ಆಫೀಸಿನಲ್ಲಿ ಟೈಪಿಂಗ್ ಕೆಲಸ. ಮೂರನೇ ಅಧ್ಯಾಯದಲ್ಲಿ ಜಗಳ, ಎಂಟನೆಯದರಲ್ಲಿ ಅವನಿಗೆ ಜ್ವರ, ಅವಳ ಆರೈಕೆ, ಹನ್ನೆರಡರಲ್ಲಿ ಯಾರೋ ಅತ್ತೆ ಬಂದು ಇಲ್ಲದ್ದು ಹೇಳಿ ಇಬ್ಬರನ್ನೂ ಬೇರೆ ಮಾಡುವುದು, ಕೊನೆಗೆ ಒಂದಾಗುವುದು. ನಾನು ಹೀಗೆ ಹೇಳಿದಾಗಲೆಲ್ಲ ಕೇಳಿದವರು ನಗುತ್ತಿದ್ದರು, ನನಗೂ ಅದು ಹಿತವಾಗಿತ್ತು.

ಆ ಕಪಾಟಿನ ಪುಸ್ತಕಗಳಿಗೆ ಇನ್ನೊಂದು ರೋಗವಿತ್ತು. ವರ್ಷಕ್ಕೊಮ್ಮೆ ಎಲ್ಲ ಪುಸ್ತಕ ಇಳಿಸಿ ತಪಾಸಣೆ ಮಾಡುವಾಗ ಇಪ್ಪತ್ತೈದನೇ ಪುಟದಲ್ಲಿ, ಸರಿಯಾಗಿ ನನ್ನ ಮೊಹರಿನ ಪಕ್ಕದಲ್ಲೇ, ಪೆನ್ಸಿಲಿನ ಸಣ್ಣ ಸಣ್ಣ ಗೀಚುಗಳು. ಒಂದು ಸೊನ್ನೆ, ಒಂದು ಅರ್ಧಚಂದ್ರ, ಒಂದು ಮೀನು, ಒಂದು ಬಾಚಣಿಗೆ. ಯಾರದೋ ತುಂಟತನ ಎಂದುಕೊಂಡೆ. ರಬ್ಬರು ಹಿಡಿದು ಕುಳಿತರೆ ಮುಂಗೈ ನೋಯುವ ತನಕ ಅಳಿಸುತ್ತಿದ್ದೆ. ಮರುವರ್ಷ ಮತ್ತೆ ಇರುತ್ತಿತ್ತು. ಮತ್ತೆ ಅಳಿಸುತ್ತಿದ್ದೆ. ಹತ್ತು ವರ್ಷ ಅಳಿಸಿದೆನೇ ಹೊರತು ಯಾರು, ಏಕೆ ಹೀಗೆ ಬರೆಯುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ.

ಇನ್ನು ಪ್ರಸಂಗಕ್ಕೆ ಬರುತ್ತೇನೆ. ಟ್ರಸ್ಟಿನ ಅಧ್ಯಕ್ಷರು ಸುಧಾಕರ ಶೆಟ್ಟರು, ಗ್ರಂಥಾಲಯ ಕಟ್ಟಿಸಿದವರ ಅಳಿಯ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಕೆಲಸ ಬೇಗ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗಿಯರಿಗೆ ಕುಳಿತುಕೊಳ್ಳಲು ಜಾಗವಿಲ್ಲ, ಒಳಕೋಣೆಯ ಆ ಮೂರು ಕಪಾಟು ತೆಗೆದರೆ ಎಂಟು ಮೇಜು ಹಾಕಬಹುದು ಎಂದು ಅವರು ಸೂಚಿಸಿದರು. ಆಸೆ ನ್ಯಾಯವಾದದ್ದೇ. ಟ್ರಸ್ಟಿನ ಸದಸ್ಯರೂ ನಿವೃತ್ತ ಉಪನ್ಯಾಸಕರೂ ಆದ ಐತಾಳರು ಕೂಡಲೇ ಒಪ್ಪಿದರು. “ಇದ್ದದ್ದೆಲ್ಲ ಒಂದೇ ಕಥೆ. ಒಂದು ಪ್ರತಿ ಇಟ್ಟುಕೊಂಡು ಉಳಿದದ್ದು ಗುಜರಿಗೆ ಕೊಟ್ಟರೆ ಸಾಹಿತ್ಯಕ್ಕೆ ನಷ್ಟವಿಲ್ಲ” ಎಂದರು. ನನ್ನ ಮಾತನ್ನೇ ಅವರು ನನಗಿಂತ ಚೆನ್ನಾಗಿ ಹೇಳಿದ್ದರು.

ನಾನು ನಿಯಮದ ಹೆಂಗಸು. ಮನಸ್ಸಿಗೆ ಬಂದ ಹಾಗೆ ಪುಸ್ತಕ ತೆಗೆಯಲು ಬರುವುದಿಲ್ಲ, ಮೂರು ವರ್ಷದಲ್ಲಿ ಎರಡು ಸಲವಾದರೂ ಎರವಲು ಹೋಗದ ಪುಸ್ತಕ ಮಾತ್ರ ತೆಗೆಯಬಹುದು ಎಂದೆ. ನಮ್ಮ ಭಾಷೆಯಲ್ಲಿ ಇದಕ್ಕೆ ‘ವೀಡಿಂಗ್’ ಎನ್ನುತ್ತೇವೆ, ಗದ್ದೆಯ ಕಳೆ ಕಿತ್ತಂತೆ. ರಿಜಿಸ್ಟರು ತೆಗೆದು ಒಂದು ವಾರ ಕೂತು ಲೆಕ್ಕ ಹಾಕಿದೆ. ಮನೆಯಲ್ಲಿರುವ ಹೆಂಗಸರು ಟಿ.ವಿ. ಧಾರಾವಾಹಿಗೂ ಮೊಬೈಲಿಗೂ ಹೋಗಿಯಾಗಿತ್ತು. ಪ್ರೇಮ ಕಾದಂಬರಿ ಒಯ್ಯುವವರು ಎಂದು ಉಳಿದದ್ದು ಬೆರಳೆಣಿಕೆ. ಅವರಲ್ಲಿ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದವರು ಒಬ್ಬರೇ, ಗೇರುಬೀಜ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸುಶೀಲಕ್ಕ. ಒಂದು ಕಾರ್ಡಿಗೆ ಒಂದು ಪುಸ್ತಕ. ಅವರೊಬ್ಬರು ಒಮ್ಮೆ ಒಯ್ದರೆ ರಿಜಿಸ್ಟರಿನಲ್ಲಿ ಒಂದು ಗೆರೆ. ಎರಡನೇ ಗೆರೆ ಎಲ್ಲಿಂದ ಬರಬೇಕು? ಪಟ್ಟಿ ಮುಗಿದಾಗ ನಾನ್ನೂರ ಹನ್ನೆರಡು ಪುಸ್ತಕಗಳಾದವು. ಚಂದದ ಅಕ್ಷರದಲ್ಲಿ ಪ್ರತಿ ತೆಗೆದು ಶೆಟ್ಟರಿಗೆ ಕಳಿಸಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಸಭೆ, ಸೋಮವಾರ ಗುಜರಿಯವರು ಬರುವುದು ಎಂದು ನಿಶ್ಚಯವಾಯಿತು.

ಸಭೆಗೆ ಎರಡು ವಾರ ಇರುವಾಗ, ಒಂದು ಶನಿವಾರ, ಸುಶೀಲಕ್ಕ ಪುಸ್ತಕ ಹಿಂದಿರುಗಿಸಲು ಬಂದರು. ಐವತ್ತರ ಆಸುಪಾಸು, ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಒಳಕೋಣೆಗೆ ಹೋದವರು ಅಲ್ಲೇ ನಿಂತರು. ಕಪಾಟುಗಳು ಖಾಲಿ, ಪುಸ್ತಕಗಳೆಲ್ಲ ನೆಲದ ಮೇಲೆ ಹುರಿಹಗ್ಗದ ಕಟ್ಟುಗಳಲ್ಲಿ.

“ಟೀಚ್ರೆ, ಇದೆಂತ? ಬೈಂಡಿಗಾ?”

“ಅಲ್ಲ ಸುಶೀಲಕ್ಕ. ತೆಗೀತಿದ್ದೇವೆ. ಯಾರೂ ಓದುವವರಿಲ್ಲ.”

ಅವರು ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಒಂದು ಕಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹಗ್ಗ ಸಡಿಲಿಸಿ ಒಂದು ಪುಸ್ತಕ ಎಳೆದರು. ನೇರ ಇಪ್ಪತ್ತೈದನೇ ಪುಟ ತೆರೆದರು. ಇನ್ನೊಂದು ಎಳೆದರು, ಅದರಲ್ಲೂ ಅದೇ ಪುಟ. ನಾನು ಗುಪ್ತವಾಗಿ ಇಟ್ಟುಕೊಂಡಿದ್ದ ಪುಟಕ್ಕೆ ಆ ಹೆಂಗಸು ತನ್ನ ಮನೆಯ ಬಾಗಿಲು ತೆರೆದಂತೆ ಹೋಗುತ್ತಿದ್ದರು.

“ಯಾರೂ ಓದ್ಲಿಲ್ಲ ಅಂದೇಳಿ ನಿಮ್ಗೆ ಯಾರ್ ಹೇಳ್ದ್ರ್?” ಎಂದರು. “ಇಲ್ಲ್ ನಮ್ ಗುರ್ತ್ ಇದ್ದಿತ್ತಲೆ. ಅದನ್ ಅಳ್ಸೂದ್ ಯಾರ್? ನೀವಾ?”

ನಾನೇ ಎಂದೆ. ಪುಸ್ತಕ ಹಾಳು ಮಾಡುವುದು ತಪ್ಪಲ್ಲವೇ ಎಂದು ಸೇರಿಸಿದೆ. ಅಭ್ಯಾಸಬಲ.

“ಹಾಳ್ ಮಾಡೂಕಲ್ಲ ಟೀಚ್ರೆ. ನೀವ್ ಎಲ್ಲದ್ಕೂ ಒಂದೇ ಹಸ್ರ್ ಅಂಗಿ ಹೊಲ್ಸಿ ಇಟ್ರೆ ಓದಿದ್ದ್ ಯಾವ್ದ್, ಓದದ್ದ್ ಯಾವ್ದ್ ಅಂದೇಳಿ ನಮ್ಗೆ ಹ್ಯಾಂಗೆ ಗೊತ್ತಾಪ್ದ್? ಮೊದ್ಲಿನ್ ಹಾಳಿ ಬೈಂಡಿಗೆ ಹೋರೆ ಕಿತ್ತ್ ಹೋತ್ತ್. ಈ ಸಿಕ್ಕಾ ಇಪ್ಪು ಹಾಳಿ ಯಾವತ್ತೂ ಹೋಪ್ದಿಲ್ಲೆ. ಅದ್ಕೆ ಅಲ್ಲೇ ಹಾಕೂದ್.”

ಸಿಕ್ಕಾ ಎಂದರೆ ನನ್ನ ಮೊಹರು. ಹಾಗಾದರೆ ಒಂದೊಂದು ಪುಟದಲ್ಲಿ ಅಷ್ಟೊಂದು ಗುರುತು ಏಕೆ, ಓದುವವರು ನೀವೊಬ್ಬರೇ ಅಲ್ಲವೇ ಎಂದು ಕೇಳಿದೆ. ಸುಶೀಲಕ್ಕ ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ನೋಟ ಅದು. “ಸೋಮವಾರ ಮಧ್ಯಾಹ್ನ ಫ್ಯಾಕ್ಟ್ರಿಗೆ ಬನ್ನಿ. ನೀವೇ ಕಾಂಬ್ರ್ಯಂತೆ” ಎಂದು ಎದ್ದರು. ಹೋಗುವಾಗ ಕಟ್ಟಿನಿಂದ ತೆಗೆದ ಎರಡು ಪುಸ್ತಕವನ್ನೂ ಮತ್ತೆ ಹಗ್ಗದೊಳಗೆ ಸರಿಯಾಗಿ ಸೇರಿಸಿಯೇ ಹೋದರು.

ಸೋಮವಾರ ಒಂದು ಗಂಟೆಗೆ ಬೀಗ ಹಾಕಿ ಬಸ್ಸು ಹತ್ತಿದೆ. ಕಾರ್ಖಾನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಹನ್ನೊಂದು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಗಂಜಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ. ನಡುವೆ ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಸುಶೀಲಕ್ಕ. ಅವರ ಕೈ ಮಾತ್ರ ಬೆಳ್ಳಗಿತ್ತು. ಉಳಿದವರದು ಉಗುರಿನಿಂದ ಮಣಿಕಟ್ಟಿನ ತನಕ ಕಪ್ಪು. ಬೀಜ ಒಡೆಯುವ ಕೆಲಸದವರು ಅವರು. ಸಿಪ್ಪೆಯಿಂದ ಒಸರುವ ಎಣ್ಣೆ ಚರ್ಮವನ್ನು ಸುಡುತ್ತದೆ, ಎಷ್ಟು ಸೋಪು ತಿಕ್ಕಿದರೂ ಆ ಬಣ್ಣ ಬಿಡುವುದಿಲ್ಲ. ಸುಶೀಲಕ್ಕ ಒಳಗಿನ ತಿರುಳಿನ ಪೊರೆ ಸುಲಿಯುವ ಸಾಲಿನವರು, ಆದ್ದರಿಂದ ಅವರ ಕೈಗೆ ಕಪ್ಪಿಲ್ಲ.

ಗುಲಾಬಿ ಎಂಬ ದಪ್ಪ ಗಂಟಲಿನ ಹೆಂಗಸು ನನಗೆ ವಿವರಿಸಿದರು. “ನಾವ್ ಪುಸ್ತಕ ಮುಟ್ರೆ ಹಾಳಿ ಕಪ್ಪಾತ್ತ್. ನಿಮ್ ಹತ್ರ ಬೈಸ್ಕಂಬುಕೆ ಆತ್ತಿಲ್ಲೆ. ಅದ್ಕೆ ಸುಶೀಲಕ್ಕನ್ ಒಂದೇ ಕಾರ್ಡ್. ಅವ್ಳ್ ಓದೂದ್, ನಾವ್ ಕೇಂಬ್ದ್. ಮುಗ್ದ್ ಮೇಲೆ ಕೇಂಡವ್ರ ಗುರ್ತ್ ಅವ್ಳೇ ಹಾಕೂದ್. ಮೀನ್ ನಂದ್.”

ಪುಸ್ತಕಕ್ಕೆ ಕಪ್ಪು ತಾಗಬಾರದೆಂದು ಹನ್ನೊಂದು ಹೆಂಗಸರು ಮಾಡಿಕೊಂಡ ವ್ಯವಸ್ಥೆ ಅದು. ಅದರಿಂದಾಗಿಯೇ ನನ್ನ ರಿಜಿಸ್ಟರಿನಲ್ಲಿ ಅವರು ಇಲ್ಲವಾಗಿದ್ದರು. ಅವರು ಇದ್ದಾರೆಂದು ಹೇಳುವ ಒಂದೇ ಸಾಕ್ಷಿಯನ್ನು ನಾನು ವರ್ಷ ವರ್ಷ ಕೂತು ಅಳಿಸಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಆ ಅರ್ಧ ಗಂಟೆಯಲ್ಲಿ ನಾನು ಪ್ರೇಮ ಕಾದಂಬರಿಯ ಬಗ್ಗೆ ಕಲಿತದ್ದು ಎಂ.ಎ. ತರಗತಿಯಲ್ಲಿ ಕಲಿತಿರಲಿಲ್ಲ. ದಿನಕ್ಕೆ ಎರಡೇ ಅಧ್ಯಾಯ. ನಿನ್ನೆ ರಜೆ ಹಾಕಿದವರಿಗೆ ಮೊದಲು ನಿನ್ನೆಯ ಕಥೆ ಹೇಳಬೇಕು. ಕಡೆಯ ಪುಟ ನೋಡುವ ಹಕ್ಕು ಸುಶೀಲಕ್ಕನಿಗೆ ಮಾತ್ರ, ಅದೂ ಗ್ರಂಥಾಲಯದಲ್ಲಿ ಪುಸ್ತಕ ಆರಿಸುವಾಗ. ಇಬ್ಬರೂ ಒಂದಾಗದ ಪುಸ್ತಕವನ್ನು ಅವರು ಅಲ್ಲೇ ಇಟ್ಟು ಬರಬೇಕು. ಒಮ್ಮೆ ನೋಡದೆ ತಂದ ಪುಸ್ತಕದಲ್ಲಿ ನಾಯಕಿ ಸತ್ತು, ಒಂದು ವಾರ ಯಾರೂ ಸುಶೀಲಕ್ಕನ ಹತ್ತಿರ ಮಾತಾಡಲಿಲ್ಲವಂತೆ. “ದಿನಾ ಇಡೀ ಬೀಜ ಒಡ್ದ್ ಕೈ ಸುಟ್ಕಂಡ್, ಕಡೆಗೆ ಅವ್ಳ್ ಸತ್ಳ್ ಅಂದೇಳಿ ಕೇಣ್ಕಾ?” ಎಂದು ಗುಲಾಬಿ ಈಗಲೂ ಸಿಟ್ಟಿನಿಂದಲೇ ಕೇಳಿದರು.

ನನಗೆ ತಡೆಯಲಾಗಲಿಲ್ಲ. “ಕಡೆಗೆ ಒಂದಾತ್ರ್ ಅಂದೇಳಿ ಎಲ್ಲರಿಗೂ ಗೊತ್ತಿತ್ತ್. ಮತ್ತೆಂತಕ್ಕೆ ಕೇಂಬ್ದ್?” ಎಂದೆ. ನನಗರಿವಿಲ್ಲದೆ ಅವರ ಮಾತೇ ನನ್ನ ಬಾಯಿಗೆ ಬಂದಿತ್ತು.

ಗುಲಾಬಿ ಗಂಜಿಯ ತಟ್ಟೆ ಕೆಳಗಿಟ್ಟರು. “ಟೀಚ್ರೆ, ನಮ್ಮ್ ಮನಿ ಕಥಿ ಕಡೆಗೆ ಎಂತ ಆತ್ತ್ ಅಂದೇಳಿ ನಮ್ಗೆ ಗೊತ್ತಿಲ್ಲೆ. ಇದೊಂದಾರೂ ಗೊತ್ತಿರ್ಲಿ.”

ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಆಮೇಲೆ ಸುಶೀಲಕ್ಕ ಅವರ ದೊಡ್ಡ ನಿಯಮವನ್ನು ಹೇಳಿದರು. ಒಂದಾದರೆ ಸಾಲದು, ಹೇಗೆ ಒಂದಾದರು ಎಂಬುದು ಮುಖ್ಯ. ಅವಳನ್ನು ಅನುಮಾನಿಸಿದವನು, ಅತ್ತೆಯ ಮಾತು ನಂಬಿ ಮನೆಯಿಂದ ಕಳಿಸಿದವನು, ತಾನೇ ಬಂದು ತಪ್ಪು ಒಪ್ಪಿಕೊಳ್ಳಬೇಕು. “ತಪ್ಪಾಯ್ತ್ ಅಂದೇಳಿ ಬಾಯ್ ಬಿಟ್ಟ್ ಹೇಳ್ಕ್. ಸೀರಿ ತಂದ್ ಕೊಟ್ರೆ ಸಾಕಾತ್ತಿಲ್ಲೆ.” ಉಳಿದವರು ತಲೆಯಾಡಿಸಿದರು. ಯಾವ ಪುಸ್ತಕದ ನಾಯಕ ಎಷ್ಟು ಚೆನ್ನಾಗಿ ತಪ್ಪೊಪ್ಪಿಕೊಂಡ ಎಂಬುದರ ಮೇಲೆ ಅವರ ಲೆಕ್ಕದಲ್ಲಿ ಪುಸ್ತಕಗಳಿಗೆ ದರ್ಜೆ ಇತ್ತು. ನನ್ನ ವಿಮರ್ಶೆಯ ಪುಸ್ತಕಗಳಲ್ಲಿ ಇರುವುದಕ್ಕಿಂತ ಬಿಗಿಯಾದ ಅಳತೆಗೋಲು ಅದು.

ಹಿಂದಿರುಗಿ ಬಂದವಳೇ ಕಟ್ಟುಗಳನ್ನೆಲ್ಲ ಬಿಚ್ಚಿ ಇಪ್ಪತ್ತೈದನೇ ಪುಟ ನೋಡುತ್ತ ಹೋದೆ. ನಾಲ್ಕು ದಿನ ಹಿಡಿಯಿತು. ಕಳೆದ ತಪಾಸಣೆಯ ನಂತರ ಹೋಗಿ ಬಂದ ಐವತ್ತಾರು ಪುಸ್ತಕಗಳಲ್ಲಿ ಗುರುತು ಉಳಿದಿತ್ತು. ಕೆಲವುಗಳಲ್ಲಿ ಒಂಬತ್ತು, ಕೆಲವುಗಳಲ್ಲಿ ಹನ್ನೊಂದು. ಉಳಿದ ಮುನ್ನೂರ ಐವತ್ತಾರು ಪುಸ್ತಕಗಳಲ್ಲಿ ಹೆಚ್ಚಿನವುಗಳಲ್ಲಿ ಅಚ್ಚುಕಟ್ಟಾದ, ಬೆಳ್ಳಗಿನ, ನಾನು ಉಜ್ಜಿದ ಜಾಗ. ನನ್ನ ಶಿಸ್ತೇ ಆ ಹೆಂಗಸರ ಕಪಾಟಿಗೆ ಮುಳುವಾಗಿತ್ತು.

ಶೆಟ್ಟರಿಗೆ ಒಂದು ಪತ್ರ ಬರೆದೆ. ಪಟ್ಟಿ ತಪ್ಪು, ಒಂದು ಗೆರೆ ಎಂದರೆ ಹನ್ನೊಂದು ಓದುಗರು, ಅದಕ್ಕಿದ್ದ ದಾಖಲೆಯನ್ನು ಅಳಿಸಿದವಳು ನಾನೇ ಎಂದು ನೇರವಾಗಿ ಬರೆದೆ. ಅಷ್ಟು ವರ್ಷದ ಸೇವೆಯಲ್ಲಿ ಅಧ್ಯಕ್ಷರಿಗೆ ತಪ್ಪಾಯಿತು ಎಂದು ಬರೆದದ್ದು ಅದೇ ಮೊದಲು. ಎರಡು ಸಲ ಹರಿದು ಹಾಕಿ ಮೂರನೆಯದನ್ನು ಕಳಿಸಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸುಶೀಲಕ್ಕನನ್ನೂ ಗುಲಾಬಿಯನ್ನೂ ಬರಹೇಳಿದ್ದೆ. ಇಬ್ಬರೂ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಕುರ್ಚಿ ತೋರಿಸಿದರೂ ಕೂರದೆ ಗೋಡೆಗೆ ಒರಗಿ ನಿಂತರು. ಗುಲಾಬಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

ಐತಾಳರು ನನ್ನ ಪತ್ರವನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ, ಆದರೆ ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು. “ಐವತ್ತಾರಕ್ಕೆ ಗುರುತಿದೆ, ಒಪ್ಪಿದೆ. ಉಳಿದ ಮುನ್ನೂರ ಐವತ್ತಾರನ್ನು ಇಷ್ಟು ಜನ ಕೇಳಿದ್ದಕ್ಕೆ ಎಂತ ಸಾಕ್ಷಿ? ಎಲ್ಲವೂ ಒಂದೇ ಕಥೆಯಾದರೆ ಓದಿದ್ದೇವೆ ಎಂದು ಯಾರು ಬೇಕಾದರೂ ಹೇಳಬಹುದಲ್ಲ?” ಎಂದರು.

ಸುಶೀಲಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

“ಒಡಿಯಾ, ನೀವೇ ಯಾವ್ದಾರೂ ತೆಗೀನಿ. ಹೆಸ್ರ್ ಹೇಳ್ಬೇಡಿ. ಮಧ್ಯದಂಗೆ ನಾಕ್ ಗೆರಿ ಓದಿ. ಹಿಂದೆ ಎಂತ, ಮುಂದೆ ಎಂತ ಅಂದೇಳಿ ನಾವ್ ಹೇಳೂದ್.”

ಐತಾಳರಿಗೆ ಇದು ರುಚಿಸಿತು. ಗುರುತಿಲ್ಲದ ಪುಸ್ತಕಗಳ ರಾಶಿಗೆ ಕೈ ಹಾಕಿ ಒಂದನ್ನು ಎಳೆದು ನಡುವಿನಿಂದ ಓದಿದರು. ಬಸ್ಸಿನಲ್ಲಿ ಹೋಗುತ್ತಿರುವ ಹೆಂಗಸು, ಮಡಿಲಲ್ಲಿ ಅವನು ಕೊಟ್ಟ ಕೊಡೆ, ಅವಳು ಕಿಟಕಿಯಿಂದ ಹೊರಗೆ ನೋಡುವುದಿಲ್ಲ. ನಾಲ್ಕನೇ ವಾಕ್ಯ ಮುಗಿಯುವ ಮೊದಲೇ ಸುಶೀಲಕ್ಕ ಶುರು ಮಾಡಿದರು. “ಅದ್ ನರ್ಸಿನ್ ಕಥಿ. ಸರ ಕದ್ದಿದ್ಳ್ ಅಂದೇಳಿ ಅವ ಎಲ್ಲರ ಎದ್ರಿಗೆ ಹೇಳಿದ್ದ. ಸರ ಅವ್ನ್ ತಂಗಿ ಪೆಟ್ಗಿ ಒಳ್ಗೇ ಇದ್ದಿತ್ತ್. ಇನ್ ಮುಂದಿನ ಸ್ಟಾಪಿನಂಗೆ ಅವ ಬೈಕ್ ಹತ್ಕಂಡ್ ಬಂದ್ ಬಸ್ಸಿಗೆ ಅಡ್ಡ ನಿಲ್ಲತ್ತ. ಅವ್ಳ್ ಇಳಿಯೂದಿಲ್ಲೆ.” ಐತಾಳರು ಹಾಳೆ ಮಗುಚಿದರು, ಹಿಂದಕ್ಕೂ ಮಗುಚಿದರು. ಪುಸ್ತಕ ಕೆಳಗಿಟ್ಟು ಇನ್ನೊಂದನ್ನು ಎಳೆದರು.

ಈ ಸಲ ಉತ್ತರ ಬಂದದ್ದು ಗುಲಾಬಿಯಿಂದ. ಹಡಗಿನಲ್ಲಿ ಕೆಲಸ ಮಾಡುವವನು ಬರೆದ ಕಾಗದವನ್ನು ಅವನ ಅತ್ತಿಗೆ ಅಕ್ಕಿಮುಡಿಯ ಹಿಂದೆ ಬಚ್ಚಿಡುತ್ತಾಳೆ. ಇತ್ತ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗುತ್ತದೆ. ಗುಲಾಬಿ ಅದನ್ನು ಹೇಳಿದ್ದು ಪಕ್ಕದ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುವಂತೆ, ಅತ್ತಿಗೆಯ ಮೇಲಿನ ಸಿಟ್ಟಿನ ಸಮೇತ. ಕೈ ಸೆರಗಿನಿಂದ ಹೊರಗೆ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಶೆಟ್ಟರು ಆ ಕೈಗಳನ್ನು ನೋಡಿದರು.

“ನೀವು ಇದನ್ನ ಓದಿದ್ದಾ?” ಎಂದು ಕೇಳಿದರು.

“ಓದ್ಲಿಲ್ಲ ಶೆಟ್ರೆ, ಕೇಂಡದ್ದ್. ಮೂರ್ ವರ್ಷ ಆಯ್ತ್.”

ಗುಲಾಬಿ ಅಲ್ಲಿಗೆ ನಿಲ್ಲಿಸಿದರು. ಆಗ ಶೆಟ್ಟರು, ಸಭೆಯಲ್ಲಿ ಹತ್ತು ಮಾತು ಮೀರಿ ಆಡದ ಆ ಮನುಷ್ಯ, ಮುಂದಕ್ಕೆ ಬಾಗಿ ಕೇಳಿದರು: “ಮತ್ತೆ? ಆ ಕಾಗದ ಅವಳಿಗೆ ಸಿಕ್ಕಿತಾ?”

ನಾನು ಐತಾಳರ ಕಡೆ ನೋಡಿದೆ. ಅವರೂ ಗುಲಾಬಿಯನ್ನೇ ನೋಡುತ್ತಿದ್ದರು. ಒಂದೇ ಕಥೆ ಎಂದು ಹೇಳಿದ ಇಬ್ಬರು ವಿದ್ಯಾವಂತರು ಅಲ್ಲಿದ್ದೆವು, ಅವರು ಮತ್ತು ನಾನು. ಆ ಕಾಗದ ಸಿಗದೆ ಹೋದರೆ ಗತಿಯೇನೆಂದು ನಮ್ಮಿಬ್ಬರಿಗೂ ಆತಂಕವಾಗಿತ್ತು.

“ಸಿಗೂದ್ ಹ್ಯಾಂಗೆ ಅಂದೇಳಿ ನೀವ್ ಓದಿಯೇ ಕಾಣ್ಕ್” ಎಂದರು ಗುಲಾಬಿ.

ಐತಾಳರು ಪಟ್ಟು ಬಿಡುವವರಲ್ಲ. ಮೂರನೆಯ ಪುಸ್ತಕ ಎಳೆದು ನಾಲ್ಕು ಗೆರೆ ಓದಿದರು. ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಐತಾಳರು ಇನ್ನೂ ನಾಲ್ಕು ಗೆರೆ ಓದಿದರು. ಏನಾದರೊಂದು ಹೇಳಿ ಸುಶೀಲಕ್ಕ, ಅತ್ತೆ ಎನ್ನಿ, ಜ್ವರ ಎನ್ನಿ, ಯಾವುದಾದರೂ ಹೊಂದುತ್ತದೆ ಎಂದು ಒಳಗೊಳಗೇ ಬೇಡಿಕೊಂಡೆ. ಜೀವನವಿಡೀ ಸುಳ್ಳು ಲೆಕ್ಕ ಬರೆಯದ ನಾನು ಆ ಗಳಿಗೆಯಲ್ಲಿ ಅವರು ಒಂದು ಸುಳ್ಳು ಹೇಳಲಿ ಎಂದು ಬಯಸಿದೆ.

“ಇದ್ ನಾವ್ ಓದ್ಲಿಲ್ಲ ಒಡಿಯಾ” ಎಂದರು ಸುಶೀಲಕ್ಕ. “ಓದಿದ್ದ್ ಅಂದೇಳಿ ಹೇಳುಕೆ ಬತ್ತಿತ್ತ್. ಆರೆ ಓದ್ಲಿಲ್ಲ.”

ಐತಾಳರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಶೆಟ್ರೆ, ನನ್ನದು ಮುಗಿಯಿತು. ನಲವತ್ತು ವರ್ಷದಲ್ಲಿ ಹೀಗೆ ಉತ್ತರ ಕೊಟ್ಟ ವಿದ್ಯಾರ್ಥಿಗಳು ನನಗೆ ಸಿಗಲಿಲ್ಲ” ಎಂದರು. ಅವರಿಬ್ಬರೂ ನನ್ನ ಓದುಗರು ಎಂದು ಎದ್ದು ನಿಂತು ಹೇಳಬೇಕೆನಿಸಿತು. ಅಷ್ಟು ಹೆಮ್ಮೆ ನನಗೆ ಯಾವ ಸನ್ಮಾನದಲ್ಲೂ ಆಗಿಲ್ಲ.

ಶೆಟ್ಟರು ಹೆಚ್ಚು ಮಾತಾಡಲಿಲ್ಲ. ಕಪಾಟು ಇದ್ದಲ್ಲೇ ಇರಲಿ, ಜಗಲಿಗೆ ಗ್ರಿಲ್ ಹಾಕಿಸಿ ಮೇಜುಗಳನ್ನು ಅಲ್ಲಿ ಹಾಕುವಾ, ಹುಡುಗಿಯರಿಗೆ ಗಾಳಿಯೂ ಸಿಗುತ್ತದೆ ಎಂದರು. ಗುಜರಿಯವರಿಗೆ ಅಲ್ಲಿಂದಲೇ ಫೋನು ಮಾಡಿ ಬರಬೇಡಿ ಎಂದರು. ಏಳುವಾಗ ಹಡಗಿನವನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅಧ್ಯಕ್ಷರಾದರೇನು, ಕಾರ್ಡಿಲ್ಲದೆ ಪುಸ್ತಕ ಕೊಡುವ ಕ್ರಮವಿಲ್ಲ ಎಂದು ನೆನಪಿಸಿದೆ. ಅಂದೇ ಅವರಿಗೊಂದು ಕಾರ್ಡು ಮಾಡಿಕೊಟ್ಟೆ.

ಓದದ ಮೂರನೆಯ ಪುಸ್ತಕವನ್ನು ಸುಶೀಲಕ್ಕ ಕೇಳಿ ಪಡೆದರು. ಕಡೆಯ ಪುಟ ನೋಡಿ, ಒಂದಾಗುತ್ತಾರೆಂದು ಖಚಿತ ಮಾಡಿಕೊಂಡೇ ಒಯ್ದರು. ನಾನು ಅಂದೇ ಆ ಪುಸ್ತಕದ, ಆ ವಾರ ಉಳಿದ ಪ್ರತಿ ಪ್ರೇಮ ಕಾದಂಬರಿಯ ಇಪ್ಪತ್ತೈದನೇ ಪುಟಕ್ಕೆ ಒಂದು ಬಿಳಿ ಚೀಟಿ ಅಂಟಿಸಿದೆ, ಗುರುತು ಹಾಕುವವರು ಧಾರಾಳವಾಗಿ ಹಾಕಲಿ ಎಂದು. ಎರವಲು ರಿಜಿಸ್ಟರಿನಲ್ಲಿ ‘ಕೇಳಿದವರು’ ಎಂದು ಹೊಸದೊಂದು ಅಂಕಣ ಎಳೆದೆ. ಯಾವ ಗ್ರಂಥಾಲಯ ಶಾಸ್ತ್ರದ ಪುಸ್ತಕದಲ್ಲೂ ಅಂಥ ಅಂಕಣ ನಾನು ಕಂಡಿರಲಿಲ್ಲ.

ಮುಂದಿನ ಶನಿವಾರ ಸುಶೀಲಕ್ಕ ಆ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಇಪ್ಪತ್ತೈದನೇ ಪುಟ ತೆರೆದೆ. ಚೀಟಿ ಖಾಲಿ, ಒಂದೂ ಗುರುತಿಲ್ಲ.

“ಎಂತ ಸುಶೀಲಕ್ಕ, ಓದ್ಲಿಲ್ಲವಾ?”

“ಪೂರ್ತಿ ಓದಿದ್ದ್. ಗುರ್ತ್ ಹಾಕ್ಬೇಡ ಅಂದ್ರ್ ಎಲ್ಲರೂ.” ಅವರ ಮುಖ ಗಂಟಿಕ್ಕಿತ್ತು. “ತಪ್ಪೆಲ್ಲ ಅವಂದ್, ಕಾಲ್ ಹಿಡ್ದದ್ ಅವ್ಳ್. ಒಂದಾದ್ರ್, ಹೌದ್. ಹಾಂಗ್ ಒಂದಾಪ್ದ್ ಎಂತಕ್ಕೆ? ಟೀಚ್ರೆ, ಇದನ್ನ್ ಬೇಕಾರೆ ಗುಜ್ರಿಗೆ ಹಾಕಿ.”

ಪುಸ್ತಕವನ್ನು ಯಾರು ಒಯ್ದರು ಎಂಬುದನ್ನು ರಿಜಿಸ್ಟರು ಹೇಳುತ್ತದೆ. ಅದು ಯಾರಿಗೆ ಬೇಕು ಎಂದು ತಿಳಿಯಬೇಕಾದರೆ ಕುರ್ಚಿ ಬಿಟ್ಟು ಎದ್ದು ಹೋಗಿ ಕೇಳಬೇಕು. ಇಪ್ಪತ್ತೆಂಟು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಇಪ್ಪತ್ತಾರನೇ ವರ್ಷದಲ್ಲಿ. ನಾನ್ನೂರ ಹನ್ನೆರಡು ಪುಸ್ತಕಗಳಲ್ಲಿ ಕಡೆಗೆ ನಾವು ತೆಗೆದದ್ದು ಅದೊಂದನ್ನೇ. ತೆಗೆದ ಪುಸ್ತಕಗಳ ದಾಖಲೆಯಲ್ಲಿ ‘ಕಾರಣ’ ಎಂಬ ಅಂಕಣದಲ್ಲಿ ಹುಳು ತಿಂದಿದೆ, ಹರಿದಿದೆ, ಓದುಗರಿಲ್ಲ ಎಂದು ಬರೆಯುವುದು ರೂಢಿ. ನಾನು ಪೆನ್ನು ತೆಗೆದು ನನ್ನ ಅತ್ಯಂತ ಚಂದದ ಅಕ್ಷರದಲ್ಲಿ ಬರೆದೆ: “ನಾಯಕ ತಪ್ಪೊಪ್ಪಿಕೊಳ್ಳುವುದಿಲ್ಲ. ತೀರ್ಮಾನಿಸಿದವರು: ಓದುಗರು, ಹನ್ನೊಂದು ಮಂದಿ.” ಕೆಳಗೆ ಸಹಿ ಹಾಕಿ ಮೊಹರು ಒತ್ತಿದೆ.